ನೀಟ್ ಪೇಪರ್ ಟೆಲಿಗ್ರಾಂನಲ್ಲಿ ಸಿಗುತ್ತಂತೆ, ನಿಜವಾ?

ಪ್ರಶ್ನೆ: ಮಗಳು ಎರಡನೇ ಪಿಯುಸಿ, ನೀಟ್‌ಗೆ ಓದುತ್ತಿದ್ದಾಳೆ. ಪರೀಕ್ಷೆಗೆ ಮೊದಲೇ ಪೇಪರ್ ಟೆಲಿಗ್ರಾಂನಲ್ಲಿ ಬರುತ್ತೆ ಅಂತ ಅವಳ ಗೆಳತಿಯರು ಹೇಳುತ್ತಾರಂತೆ. ಈಗ ಅವಳಿಗೆ ಓದಲು ಮನಸ್ಸೇ ಇಲ್ಲ. ಇದರಲ್ಲಿ ನಿಜ ಎಷ್ಟು?

ಉತ್ತರ: ಪೇಪರ್ ಸೋರಿಕೆ ಆಗುವುದೇ ಇಲ್ಲ ಅಂದರೆ ನಿಮ್ಮ ಮಗಳೇ ನಕ್ಕುಬಿಡುತ್ತಾಳೆ. 2016ರಲ್ಲಿ ನಮ್ಮ ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪೇಪರ್ ಎರಡು ಸಲ ಸೋರಿತ್ತು. 2024ರ ನೀಟ್ ಪೇಪರ್ ಜಾರ್ಖಂಡ್‌ನ ಹಜಾರಿಬಾಗ್ ಮತ್ತು ಬಿಹಾರದ ಪಟ್ನಾದಲ್ಲಿ ಸೋರಿದ್ದನ್ನು ಸುಪ್ರೀಂ ಕೋರ್ಟೇ ಒಪ್ಪಿತು. ಇಂಥ ನಿಜದ ಬೆನ್ನೇರಿಯೇ ಸುಳ್ಳು ಓಡಾಡುವುದು.

ಆದರೆ ಪಟ್ನಾದಲ್ಲಿ ನಡೆದದ್ದೇನು? ದೊಡ್ಡ ಮೊತ್ತ ಕೊಟ್ಟವರನ್ನು ಗುಟ್ಟಾಗಿ ಕೂಡಿಸಿ ಪೇಪರ್ ತೋರಿಸಿದರು ಅನ್ನುವುದು ಆರೋಪ. ಅಸಲಿ ಪೇಪರ್ ಕೈಗೆ ಸಿಕ್ಕವನು ಬಚ್ಚಿಡುತ್ತಾನೆ. ಸಾವಿರಾರು ಜನರಿರುವ ಚಾನೆಲ್‌ನಲ್ಲಿ ಡಂಗುರ ಸಾರುವುದಿಲ್ಲ, ಅಲ್ವಾ?

"ನೋಡಿ, ಹಿಂದಿನ ದಿನವೇ ಹಾಕಿದ್ದೆವು" ಅನ್ನುವ ಸ್ಕ್ರೀನ್‌ಶಾಟ್‌ಗೆ ಮಕ್ಕಳು ಬೀಳುತ್ತಾರೆ. ಅದರ ಕೈಚಳಕ ಹೀಗಿದೆ. ಚಾನೆಲ್ ನಡೆಸುವವರು ಒಮ್ಮೆ ಹಾಕಿದ ಪೋಸ್ಟನ್ನು ಆಮೇಲೆ ತಿದ್ದಬಹುದು. ಹಿಂದಿನ ದಿನ ಯಾವುದೋ ಫೋಟೋ ಹಾಕಿಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದು ಅಸಲಿ ಪೇಪರ್‌ನ ಫೋಟೋ ಕೂರಿಸುತ್ತಾರೆ. ಕೆಳಗಿನ ಸಮಯ ಹಳೆಯದೇ ಉಳಿಯುತ್ತದೆ. ಪಕ್ಕದಲ್ಲಿ ಸಣ್ಣಗೆ 'ಎಡಿಟೆಡ್' ಅಂತ ಕಾಣುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಅದನ್ನು ಅಳಿಸಿದರೆ ಮುಗಿಯಿತು. 2024ರಲ್ಲಿ ಪರೀಕ್ಷೆ ಮೇ 5ಕ್ಕೆ ಇತ್ತು. ಮೇ 4 ಅಂತ ತೋರಿಸುವ ಟೆಲಿಗ್ರಾಂ ವಿಡಿಯೋ ಒಂದು ಹರಿದಾಡಿತು. ಅದರ ಸಮಯ ತಿರುಚಿದ್ದು ಅಂತ ಪರೀಕ್ಷೆ ನಡೆಸುವ ಎನ್‌ಟಿಎ ಸುಪ್ರೀಂ ಕೋರ್ಟಿಗೆ ತಿಳಿಸಿತು. ಮರುವರ್ಷ ಇದೇ ಎನ್‌ಟಿಎ ಸುಳ್ಳು ಹಬ್ಬಿಸುವ 106 ಟೆಲಿಗ್ರಾಂ, 16 ಇನ್‌ಸ್ಟಾಗ್ರಾಂ ಚಾನೆಲ್‌ಗಳನ್ನು ಪತ್ತೆಹಚ್ಚಿತು.

ಇಂಥ ಚಾನೆಲ್ ನಂಬಿ ಪೇಪರ್‌ಗೆಂದು ಕೊಟ್ಟ ದುಡ್ಡು ಹೋಗುವುದು ಸಣ್ಣ ನಷ್ಟ ಅಂತ ನನಗನಿಸುತ್ತದೆ. "ಎಲ್ಲರ ಹತ್ತಿರ ಪೇಪರ್ ಇದೆ, ನಾನೊಬ್ಬಳೇ ಸುಮ್ನೆ ಓದುತ್ತಿದ್ದೇನೆ" ಅಂತ ಹದಿನೇಳರ ಹುಡುಗಿಗೆ ಒಮ್ಮೆ ಅನಿಸಿದರೆ, ಪುಸ್ತಕ ಮುಂದಿದ್ದರೂ ಏನೂ ತಲೆಗೆ ಹತ್ತುವುದಿಲ್ಲ. ನಿದ್ದೆಗೆಟ್ಟು ಫೋನ್ ನೋಡುತ್ತಾ, ಬಂದ ನಕಲಿ ಪ್ರಶ್ನೆಗಳನ್ನೇ ಬಾಯಿಪಾಠ ಮಾಡುವವರೂ ಇದ್ದಾರೆ. ದುಡ್ಡು ಕೊಟ್ಟವರಂತೂ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಪೇಪರ್ ಕೊಳ್ಳಲು ಹೋಗಿದ್ದೆ ಅಂತ ಹೇಳುವುದು ಹೇಗೆ? ಆ ನಾಚಿಕೆಯೇ ವಂಚಕರಿಗೆ ರಕ್ಷೆ.

ಫೋನ್ ಕಸಿದುಕೊಳ್ಳಬೇಡಿ. ಅವಳ ಪಕ್ಕ ಕೂತು ಆ ಚಾನೆಲ್ ತೆರೆಸಿ, 'ಎಡಿಟೆಡ್' ಗುರುತನ್ನು ಅವಳೇ ಹುಡುಕಲಿ. ಚಾನೆಲ್ ಬಗ್ಗೆ ಎನ್‌ಟಿಎಗೆ ದೂರು ಕೊಡಿ. ದುಡ್ಡು ಕಳಿಸಿಬಿಟ್ಟಿದ್ದರೆ ಬೈಗುಳ ಆಮೇಲಿರಲಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.