ರಂಗೋಲಿಗೆ ತಡೆ, ವರದಕ್ಷಿಣೆಗೆ ದಾರಿ

ಕಥೋಲಿಕರ ಧರ್ಮಕೇಂದ್ರದ (ಪ್ಯಾರಿಷ್) ಪಾಲನಾ ಪರಿಷತ್ತಿರಲಿ, ಪ್ರಾಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕಮಿಟಿಯಿರಲಿ, ‘ಕಾಲ ಬದಲಾಗಿದೆ, ನಮ್ಮ ಮಕ್ಕಳನ್ನು ಉಳಿಸಿಕೊಳ್ಳುವುದು ಹೇಗೆ’ ಎಂಬ ಮಾತು ಬಂದರೆ ಚರ್ಚೆ ಹೋಗಿ ನಿಲ್ಲುವುದು ಕಣ್ಣಿಗೆ ಕಾಣುವ ವಿಷಯಗಳ ಮೇಲೆ. ಚರ್ಚ್ ಬಾಗಿಲಲ್ಲಿ ರಂಗೋಲಿ ಬಿಡಬಹುದೇ, ಹುಡುಗಿಯರು ಹಣೆಗೆ ಬೊಟ್ಟು ಇಟ್ಟುಕೊಳ್ಳಬಹುದೇ, ಆರತಿ ಎತ್ತಬಹುದೇ, ಗಾಯನ ತಂಡಕ್ಕೆ ಡ್ರಮ್ಸ್ ಬೇಕೇ. ಅದೇ ಮೀಟಿಂಗಿನಲ್ಲಿ ಕೂತ ಒಬ್ಬರ ಮನೆಯಲ್ಲಿ ಮುಂದಿನ ತಿಂಗಳು ಮದುವೆ ಇರುತ್ತದೆ. ಹುಡುಗನ ಕಡೆಯವರಿಗೆ ಎಷ್ಟು ಹೋಯಿತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಮೈಸೂರು–ಮಂಡ್ಯ ಸೀಮೆಯ ಸಭೆಗಳ ಜೊತೆ ಕೆಲಸ ಮಾಡುವ ನಾವು ಹೇಳಬೇಕಾದ್ದು ಇಷ್ಟೇ: ಗೆರೆ ಎಳೆಯುತ್ತಿದ್ದೇವೆ, ಆದರೆ ಎಳೆಯಬೇಕಾದ ಜಾಗದಲ್ಲಿ ಅಲ್ಲ.

ಈ ಪ್ರಶ್ನೆ ಸಭೆಗೆ ಹೊಸದಲ್ಲ. ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯ ಪೂರ್ತಿ ಇದರದ್ದೇ. ಯೆಹೂದ್ಯರಲ್ಲದವರು ಕ್ರಿಸ್ತರನ್ನು ನಂಬಿದಾಗ ಅವರಿಗೆ ಸುನ್ನತಿ ಮಾಡಿಸಬೇಕೇ ಎಂದು ಜೆರುಸಲೇಮಿನಲ್ಲಿ ದೊಡ್ಡ ವಾದವಾಯಿತು. ತೀರ್ಮಾನಕ್ಕಿಂತ ಅದನ್ನು ಮಾಡಿದ ಬಗೆಯನ್ನು ನಮ್ಮ ಕಮಿಟಿಗಳು ಗಮನಿಸಬೇಕು. ಮೊದಲು, ಆ ಜನರ ನಡುವೆ ಓಡಾಡಿ ಬಂದ ಪೌಲ, ಬಾರ್ನಬರ ಮಾತು ಕೇಳಿದರು. ಆಮೇಲೆ ಧರ್ಮಗ್ರಂಥ ನೋಡಿದರು. ಹೊರಲಾರದ ಹೊರೆ ಹೊರಿಸಬಾರದು ಎಂದು ಒಪ್ಪಿ, ಬಿಡಲೇಬೇಕಾದ ನಾಲ್ಕೇ ನಾಲ್ಕು ವಿಷಯಗಳನ್ನು ಬರೆದರು. ಪತ್ರವನ್ನು ಸುಮ್ಮನೆ ಕಳಿಸಲಿಲ್ಲ. ಬಾಯಿಮಾತಿನಲ್ಲೂ ವಿವರಿಸಲೆಂದು ಇಬ್ಬರನ್ನು ಜೊತೆಗೆ ಕಳಿಸಿದರು. ನಮ್ಮಲ್ಲಿ ಬಹಳ ಸಲ ಇದು ತಿರುಗುಮುರುಗಾಗುತ್ತದೆ. ನೋಟಿಸ್ ಬೋರ್ಡಿಗೆ ಸುತ್ತೋಲೆ ಮೊದಲು ಬರುತ್ತದೆ, ವಿವರಣೆ ಬರುವುದೇ ಇಲ್ಲ, ಜನರ ಮಾತು ಕೇಳುವುದು ಜಗಳವಾದ ಮೇಲೆ.

ಆರತಿಯ ಕಥೆಯೂ ಹೀಗೇ ಆಯಿತು. ಕಥೋಲಿಕ ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಭಾರತದ ಕಥೋಲಿಕ ಆರಾಧನೆಗೆ 12 ಅಂಶಗಳ ಹೊಂದಾಣಿಕೆಗೆ ರೋಮಿನಿಂದ ಒಪ್ಪಿಗೆ ಸಿಕ್ಕಿತು. ಚಪ್ಪಲಿ ಬಿಟ್ಟು ಬರುವುದು, ನೆಲದ ಮೇಲೆ ಕೂರುವುದು, ಕೈ ಮುಗಿಯುವುದು, ಎಣ್ಣೆ ದೀಪ, ಆರತಿ ಎಲ್ಲ ಅದರಲ್ಲಿದ್ದವು. ಈ ಕೆಲಸಕ್ಕೆ ದೇಶಮಟ್ಟದಲ್ಲಿ ಹೆಗಲು ಕೊಟ್ಟ ಕಥೋಲಿಕ ಗುರು ಡಿ.ಎಸ್. ಅಮಲೋರ್‌ಪವದಾಸ್ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗ ಕಟ್ಟಿದರು, ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದರು. ಆಶ್ರಮದಲ್ಲಿ ಸಹಜವಾಗಿ ಬೇರೂರಿದ್ದು ಧರ್ಮಕೇಂದ್ರಗಳಲ್ಲಿ ಏಕೆ ಅಷ್ಟಾಗಿ ಹಿಡಿಯಲಿಲ್ಲ? ಆಶ್ರಮಕ್ಕೆ ಹೋದವರಿಗೆ ಒಂದೊಂದು ಕ್ರಿಯೆಯ ಅರ್ಥ ಹೇಳಿಕೊಡುತ್ತಿದ್ದರು. ಹಲವು ಕಡೆ ಜನರಿಗೆ ಅದು ಒಂದು ಭಾನುವಾರ ಇದ್ದಕ್ಕಿದ್ದಂತೆ ಎದುರಾಯಿತು. ಇನ್ನೊಂದು ಕಾರಣ ಹೆಚ್ಚು ಆಳದ್ದು. ನಮ್ಮ ಸೀಮೆಯ ಎಷ್ಟೋ ಕ್ರೈಸ್ತ ಕುಟುಂಬಗಳ ಹಿರಿಯರನ್ನು ಗರ್ಭಗುಡಿಯ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಸಂಸ್ಕೃತ ಶ್ಲೋಕ, ಮಂಗಳಾರತಿಗಳನ್ನು ‘ನಿಮ್ಮದೇ ಸಂಸ್ಕೃತಿ’ ಎಂದು ಅವರ ಕೈಗೆ ಕೊಟ್ಟರೆ ಅದು ಅವರದ್ದಾಗುವುದಿಲ್ಲ. ಅವರ ಸಂಸ್ಕೃತಿ ತಮಟೆಯಲ್ಲಿತ್ತು, ಸೋಬಾನೆಯಲ್ಲಿತ್ತು, ನಾಟಿಯ ಪದದಲ್ಲಿತ್ತು.

ಆದ್ದರಿಂದ ಯಾವ ಆಚರಣೆಯನ್ನು ಒಳಗೆ ತರುವ ಮೊದಲೂ ಎರಡು ಪ್ರಶ್ನೆ ಕೇಳಿ. ಇದು ಯಾರ ಸಂಸ್ಕೃತಿ? ಇದರ ಹಿಂದೆ ಇನ್ನೊಂದು ದೈವಕ್ಕೆ ಕೊಟ್ಟ ಹರಕೆ ಇದೆಯೇ? ಸೋಬಾನೆ ಧಾಟಿಗೆ ಬೈಬಲ್ಲಿನ ಕಾನಾ ಊರಿನ ಮದುವೆಯ ಕಥೆ ಹೊಂದಿಸಿ ಹಾಡಿಸಿದರೆ ಅಜ್ಜಿಯಂದಿರು ಪುಸ್ತಕ ನೋಡದೆ ಸೊಲ್ಲು ಎತ್ತಿಕೊಳ್ಳುತ್ತಾರೆ. ಆ ಧಾಟಿ ಯಾರೊಬ್ಬರ ಹರಕೆಯ ಸೊತ್ತಲ್ಲ. ಕಂಸಾಳೆ ಹಾಗಲ್ಲ. ಅದು ಮಲೆ ಮಹದೇಶ್ವರನ ದೀಕ್ಷೆ ಪಡೆದ ದೇವರಗುಡ್ಡರದ್ದು. ಕುಣಿತ ಚೆಂದ ಎಂದು ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಎತ್ತಿ ತಂದರೆ ನಮ್ಮ ನಂಬಿಕೆಗೂ ಗೌರವವಲ್ಲ, ಅವರ ನಂಬಿಕೆಗೂ ಅಲ್ಲ. ರಂಗೋಲಿ, ಬಾಳೆಕಂಬ, ಮಾವಿನ ತೋರಣಗಳಲ್ಲಿ ಹರಕೆ ಇಲ್ಲ, ಹಬ್ಬದ ಸಂತೋಷ ಮಾತ್ರ ಇದೆ. ಶಿಲುಬೆಯ ಗುರುತಿನ ತಾಳಿಯನ್ನು ದಕ್ಷಿಣದ ಸಭೆಗಳು ಬಹಳ ಹಿಂದೆಯೇ ಆಶೀರ್ವದಿಸಿ ಒಳಗೆ ಕರೆದುಕೊಂಡಿವೆ. ಈ ವಿಷಯದಲ್ಲಿ ಮತ್ತೆ ಮತ್ತೆ ಮೀಟಿಂಗ್ ಮಾಡುವುದು ಸಮಯ ಹಾಳು.

ಮೈಸೂರಿನಲ್ಲಿ ಕಷ್ಟದ ತಿಂಗಳು ದಸರೆಯದ್ದು. ಕಾರ್ಖಾನೆ, ಬಸ್ ಡಿಪೋ, ಗ್ಯಾರೇಜು, ಕಚೇರಿ, ಎಲ್ಲೆಲ್ಲೂ ಆಯುಧಪೂಜೆ. ನಮ್ಮ ಯುವಕರು ಕೇಳುವ ಪ್ರಶ್ನೆ: ಹೋಗಬಹುದೇ, ಪ್ರಸಾದ ತಿನ್ನಬಹುದೇ? ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯವನ್ನು ಅವರ ಜೊತೆ ಕೂತು ಓದಿ, ಉತ್ತರ ಅಲ್ಲೇ ಇದೆ. ಪೂಜೆಯ ಪೀಠದಲ್ಲಿ ಪಾಲುಗಾರರಾಗಬೇಡಿ ಎನ್ನುತ್ತಾರೆ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆ ಕೇಳದೆ ತಿನ್ನಿ ಎನ್ನುತ್ತಾರೆ. ಇದು ನೈವೇದ್ಯ ಎಂದು ಒಬ್ಬರು ಬಿಡಿಸಿ ಹೇಳಿದರೆ, ಅವರ ಮನಸ್ಸಾಕ್ಷಿಯ ಸಲುವಾಗಿ ಬಿಡಿ ಎನ್ನುತ್ತಾರೆ. ಕೆಲಸದ ಜಾಗಕ್ಕೆ ಇದನ್ನು ತಂದರೆ ಹೀಗಾಗುತ್ತದೆ: ಮಷೀನು ತೊಳೆಯುವುದರಲ್ಲಿ ಎಲ್ಲರಿಗಿಂತ ಮುಂದಿರಿ, ಸಿಹಿಗೆ ನಿಮ್ಮ ಪಾಲಿನ ಹಣ ಕೊಡಿ, ಹೂವು ಕಟ್ಟಲು ಕೈ ಹಾಕಿ, ಪೂಜೆಯ ಹೊತ್ತಿನಲ್ಲಿ ಗೌರವದಿಂದ ಹಿಂದೆ ನಿಲ್ಲಿ. ಆರತಿ ಎತ್ತುವ ಸರದಿ ನಿಮ್ಮದಾಗುವಂತಿದ್ದರೆ ನಾಲ್ಕು ದಿನ ಮೊದಲೇ ಸೂಪರ್‌ವೈಸರ್ ಹತ್ತಿರ ಒಬ್ಬರೇ ಹೋಗಿ, ‘ಸಾರ್, ಉಳಿದ ಕೆಲಸ ಏನಿದ್ದರೂ ನನಗೆ ಕೊಡಿ, ಇದೊಂದನ್ನು ಬೇರೆಯವರಿಗೆ ಹೇಳಿ’ ಎಂದು ಕೇಳಿಕೊಳ್ಳಿ. ಕೆಡುವುದು ಎಲ್ಲಿ ಎಂದರೆ ಆ ದಿನವೇ, ತಟ್ಟೆ ಕೈಗೆ ಬಂದ ಮೇಲೆ, ಹತ್ತು ಜನರ ಎದುರು ‘ನಾನು ಮುಟ್ಟಲ್ಲ’ ಎಂದಾಗ. ಅದು ಸಾಕ್ಷಿಯಲ್ಲ, ಅವಮಾನ.

ಇದರ ಇನ್ನೊಂದು ಮಗ್ಗುಲು ನಮ್ಮ ಗುಡಿಯಲ್ಲೇ ಇದೆ. ಕೆ.ಆರ್. ನಗರದ ಹತ್ತಿರದ ದೋರನಹಳ್ಳಿ ಸಂತ ಅಂತೋಣಿಯವರ ಬಸಿಲಿಕಕ್ಕಾಗಲಿ, ಮೈಸೂರಿನ ಸಂತ ಫಿಲೋಮಿನಾ ಚರ್ಚಿಗಾಗಲಿ ಬರುವವರಲ್ಲಿ ಅನ್ಯಧರ್ಮದವರು ಬಹಳ. ಬಲಿಪೂಜೆಯಲ್ಲಿ (ಮಾಸ್) ಪರಮ ಪ್ರಸಾದದ ರೊಟ್ಟಿಗೆ ಜನ ಸಾಲು ನಿಂತಾಗ ಅವರೂ ಪ್ರಸಾದವೆಂದುಕೊಂಡು ಭಕ್ತಿಯಿಂದ ನಿಲ್ಲುತ್ತಾರೆ. ಹತ್ತಿರ ಬಂದ ಮೇಲೆ ‘ನೀವು ಕ್ರಿಶ್ಚಿಯನ್ನಾ’ ಎಂದು ಕೇಳಿ ವಾಪಸ್ ಕಳಿಸುವುದು ತೀರಾ ಒರಟು. ಪರಮ ಪ್ರಸಾದಕ್ಕೆ ಮೊದಲು ಅರ್ಧ ನಿಮಿಷದ ಪ್ರಕಟಣೆ ಸಾಕು: ‘ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೋಲಿಕರು ಪರಮ ಪ್ರಸಾದ ಸ್ವೀಕರಿಸುತ್ತಾರೆ. ಉಳಿದವರು ಎದೆಯ ಮೇಲೆ ಕೈ ಕಟ್ಟಿಕೊಂಡು ಬನ್ನಿ, ಗುರುಗಳು ಆಶೀರ್ವದಿಸುತ್ತಾರೆ.’ ಇದನ್ನು ಕನ್ನಡದಲ್ಲಿ, ನಿಧಾನವಾಗಿ, ಸ್ವಾಗತದ ದನಿಯಲ್ಲಿ ಹೇಳಬೇಕು. ಸಾಲಿನ ಪಕ್ಕ ಒಬ್ಬ ಸ್ವಯಂಸೇವಕರಿದ್ದರೆ ಇನ್ನೂ ಒಳ್ಳೆಯದು.

ಮಕ್ಕಳ ವಿಷಯಕ್ಕೆ ಬಂದರೆ, ಸಭೆಯಿಂದ ಅವರನ್ನು ದೂರ ಒಯ್ಯುತ್ತಿರುವುದು ಮೊಬೈಲ್ ಒಂದೇ ಅಲ್ಲ, ಲಿಪಿ. ಇಂಗ್ಲಿಷ್ ಮೀಡಿಯಂ ಮಗು ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಒತ್ತಕ್ಷರ ಬಂದರೆ ತಡವರಿಸುತ್ತದೆ. ಬೈಬಲ್ಲು, ಪ್ರಾರ್ಥನೆ ಪುಸ್ತಕ, ಕೀರ್ತನೆ ಪುಸ್ತಕ ಮೂರೂ ಅದಕ್ಕೆ ಮುಚ್ಚಿದ ಬಾಗಿಲು. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ (ಜೆಸ್ವಿಟ್) ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಬೋಧಿಸಿದರು. ಪ್ರಾಟೆಸ್ಟೆಂಟರ ವೆಸ್ಲಿಯನ್ ಮಿಷನ್ ಮೈಸೂರಿನಲ್ಲಿ ಅಚ್ಚುಕೂಟ ಇಟ್ಟು ಕನ್ನಡ ವಾರಪತ್ರಿಕೆಯನ್ನೇ ನಡೆಸಿತು. ಅಂಥ ಊರಿನ ಸಭೆ ತನ್ನ ಮಕ್ಕಳಿಗೆ ಕನ್ನಡ ಓದಲು ಕಲಿಸದಿದ್ದರೆ ಹೇಗೆ?

ಮಾಡಬಹುದಾದ್ದು ಸುಲಭ. ಭಾನುವಾರದ ಶುಭಸಂದೇಶದಿಂದ ಹತ್ತು ಹನ್ನೆರಡು ಸಾಲು ಆರಿಸಿ, 18 ಪಾಯಿಂಟ್ ಅಕ್ಷರದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿ. ಕಠಿಣ ಪದಗಳಿಗೆ ಕೆಳಗೆ ಅರ್ಥ ಕೊಡಿ, ಐದಕ್ಕಿಂತ ಹೆಚ್ಚು ಬೇಡ. ಬುಧವಾರದೊಳಗೆ ಹಾಳೆ ಮನೆಗೆ ತಲುಪಲಿ. ಮನೆಯ ಹಿರಿಯರು ಒಮ್ಮೆ ಗಟ್ಟಿಯಾಗಿ ಓದುತ್ತಾರೆ, ಮಗು ಬೆರಳಿಟ್ಟು ಹಿಂಬಾಲಿಸುತ್ತದೆ. ಮರುದಿನ ಮಗು ಓದುತ್ತದೆ, ಹಿರಿಯರು ಕೇಳುತ್ತಾರೆ. ಭಾನುವಾರ ಧರ್ಮೋಪದೇಶ ತರಗತಿಯ ಮೊದಲ ಐದು ನಿಮಿಷ ಆ ಹಾಳೆಯದ್ದೇ. ಹೀಗೆ ನಡೆಸಿದರೆ ಮಗು ಲಿಪಿಯನ್ನೂ ಕಲಿಯುತ್ತದೆ, ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಬೈಬಲ್ಲೂ ತೆರೆಯುತ್ತದೆ. ಎರಡನೆಯದೇ ದೊಡ್ಡ ಲಾಭ. ಪ್ರೊಜೆಕ್ಟರಿನಲ್ಲಿ ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುವ ಅಭ್ಯಾಸವಿದ್ದರೆ ಅದಕ್ಕೊಂದು ಗಡುವು ಹಾಕಿ. ಆಸರೆ ಎಂದು ಶುರುವಾದದ್ದು ಎರಡು ವರ್ಷ ಕಳೆದರೆ ಊರುಗೋಲಾಗಿಬಿಡುತ್ತದೆ.

ನಗರದ ಧರ್ಮಕೇಂದ್ರಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳಂ ಎಲ್ಲ ಇವೆ. ಎಲ್ಲರನ್ನೂ ಮೆಚ್ಚಿಸಲು ಒಂದೇ ಬಲಿಪೂಜೆಯಲ್ಲಿ ನಾಲ್ಕು ಭಾಷೆ ಬೆರೆಸಬೇಡಿ, ಯಾರಿಗೂ ಪೂರ್ತಿ ದಕ್ಕುವುದಿಲ್ಲ. ಅರ್ಥವಾಗುವ ಐದು ಮಾತು ಅರ್ಥವಾಗದ ಹತ್ತು ಸಾವಿರಕ್ಕಿಂತ ಮೇಲು ಎಂದು ಪೌಲರೇ ಹೇಳಿದ್ದಾರೆ. ಬೇರೆ ಬೇರೆ ಹೊತ್ತು ಇರಲಿ. ತಿಂಗಳಿಗೊಂದು ಭಾನುವಾರ ಮಾತ್ರ ಎಲ್ಲರೂ ಒಟ್ಟಿಗೆ ಕನ್ನಡದಲ್ಲಿ ಸೇರಲಿ, ಅಂದು ಇಂಗ್ಲಿಷ್ ಪೂಜೆಯ ಯುವಕರೇ ಹಾಡಲಿ.

ಈಗ ಮದುವೆ. ಹುಡುಗ ಅಥವಾ ಹುಡುಗಿ ಬೇರೆ ಧರ್ಮದವರು ಎಂದಾಗ ಮನೆಯಲ್ಲಿ ಮೊದಲು ಬರುವ ಮಾತು ‘ಮೊದಲು ಮತಾಂತರ ಆಗಲಿ’. ಇದು ತಪ್ಪು, ಸಭೆಯ ನಿಯಮವೂ ಅಲ್ಲ. ಕಥೋಲಿಕ ನಿಯಮದ ಪ್ರಕಾರ ದೀಕ್ಷಾಸ್ನಾನ ಇಲ್ಲದವರನ್ನು ಮದುವೆಯಾಗಲು ಧರ್ಮಾಧ್ಯಕ್ಷರಿಂದ ವಿನಾಯಿತಿ ಪಡೆಯಬಹುದು. ಕಥೋಲಿಕ ಸಂಗಾತಿ ತನ್ನ ವಿಶ್ವಾಸ ಉಳಿಸಿಕೊಳ್ಳುವುದಾಗಿ, ಮಕ್ಕಳನ್ನು ಅದೇ ವಿಶ್ವಾಸದಲ್ಲಿ ಬೆಳೆಸಲು ತನ್ನಿಂದಾದುದನ್ನೆಲ್ಲ ಮಾಡುವುದಾಗಿ ಮಾತು ಕೊಡಬೇಕು. ಇನ್ನೊಬ್ಬರಿಗೆ ಇದು ತಿಳಿದಿರಬೇಕು, ಅಷ್ಟೇ. ಅವರು ಯಾವ ಪ್ರಮಾಣವನ್ನೂ ಮಾಡಬೇಕಿಲ್ಲ. ಮದುವೆಗಾಗಿ ತೆಗೆದುಕೊಂಡ ದೀಕ್ಷಾಸ್ನಾನ ಮದುವೆ ಮುಗಿದ ಮೇಲೆ ಚರ್ಚಿಗೆ ಬರುವುದಿಲ್ಲ. ಮನಸ್ಸಿಗೂ ಅದು ಗಾಯ.

ಕಾನೂನೂ ಗೊತ್ತಿರಲಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಮದುವೆ ನಡೆಸಬಹುದು. ಆ ಕಾಯ್ದೆಯ ಮದುವೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಆಗಬೇಕು ಎಂಬುದು ಸಾಮಾನ್ಯ ನಿಯಮ, ಆದ್ದರಿಂದ ಸಂಜೆಯ ಮುಹೂರ್ತ ಇಟ್ಟವರು ಹುಷಾರಾಗಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯಾದರೆ 30 ದಿನಗಳ ನೋಟಿಸ್, ಮೂವರು ಸಾಕ್ಷಿಗಳು ಬೇಕು. ಒಬ್ಬರು ಕ್ರೈಸ್ತರಾಗಿಯೇ ಉಳಿದು, ದೇವಸ್ಥಾನದಲ್ಲಿ ತಾಳಿ ಕಟ್ಟಿ, ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿದರೆ ಅದು ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಮುಂದೆ ಆಸ್ತಿ, ಪಿಂಚಣಿ ವಿಷಯ ಬಂದಾಗ ಹೆಣ್ಣುಮಗಳು ಬೀದಿಗೆ ಬೀಳುತ್ತಾಳೆ. ಮನೆಯವರು ಕನಿಷ್ಠ ಮೂರು ತಿಂಗಳು ಮೊದಲು ಗುರುಗಳ ಹತ್ತಿರ ಬರುವಂತೆ ಮಾಡುವುದು ಹೇಗೆ? ಬಂದವರನ್ನು ಬೈಯದೆ ಕೂರಿಸಿದರೆ ಮುಂದಿನವರೂ ಬರುತ್ತಾರೆ. ಮೊದಲ ಮಾತೇ ಬೈಗುಳವಾದರೆ ಅವರು ನೇರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾರೆ, ಸಭೆಗೆ ಮತ್ತೆ ಮುಖ ತೋರಿಸುವುದಿಲ್ಲ.

ನಿಜವಾಗಿ ಗೆರೆ ಎಳೆಯಬೇಕಾದ ಜಾಗ ಇಲ್ಲಿದೆ. ಧರ್ಮ ಬೇರೆಯಾದರೆ ಕೂಗಾಡುವ ನಾವು, ಇಬ್ಬರೂ ಕ್ರೈಸ್ತರಾಗಿ ಜಾತಿ ಒಂದೇ ಎಂದಾಗ ನೆಮ್ಮದಿಯಿಂದ ಉಸಿರು ಬಿಡುತ್ತೇವೆ. ಕ್ರಿಸ್ತರಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಇಲ್ಲ ಎಂದು ಓದಿದ ಬಾಯಲ್ಲೇ ‘ಅವರು ಯಾವ ಜನ’ ಎಂದು ಕೇಳುತ್ತೇವೆ. ವರದಕ್ಷಿಣೆ 1961ರಿಂದ ಅಪರಾಧ, ಸುವಾರ್ತೆಗೆ ಅದು ಎಂದಿನಿಂದಲೂ ವಿರುದ್ಧ. ಸಭೆಯ ಕೈಯಲ್ಲಿ ಇದಕ್ಕೆ ಉಪಾಯವಿದೆ. ಮದುವೆಗೆ ಮುಂಚಿನ ವಿಚಾರಣೆಯಲ್ಲಿ ಗುರುಗಳು ಹುಡುಗ, ಹುಡುಗಿಯನ್ನು ಬೇರೆ ಬೇರೆಯಾಗಿ ಮಾತಾಡಿಸುತ್ತಾರೆ. ಅಲ್ಲಿ ಕೇಳಿ: ಹಣ, ಚಿನ್ನ, ಕಾರು, ಸೈಟು ಕೇಳಿದ್ದಾರೆಯೇ? ಖರ್ಚಿಗೆ ಸಾಲ ಎಲ್ಲಿಂದ ಬಂತು? ಹುಡುಗಿ ಒಬ್ಬಳೇ ಇದ್ದಾಗ ಕೇಳಬೇಕು; ಅಪ್ಪ ಪಕ್ಕದಲ್ಲಿ ಕೂತಿದ್ದರೆ ಉತ್ತರ ಬರುವುದಿಲ್ಲ. ಕೇಳಿದ್ದಾರೆ ಎಂದು ಗೊತ್ತಾದರೆ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವುದನ್ನು ತಡೆದು, ಎರಡೂ ಮನೆಯವರನ್ನು ಕೂರಿಸಿ ಮಾತಾಡಿ. ಆದರೆ ಈ ಮಾತು ಹುಡುಗಿಯ ಬಾಯಿಂದ ಬಂತು ಎಂದು ಗೊತ್ತಾಗದ ಹಾಗೆ ನೋಡಿಕೊಳ್ಳಬೇಕು, ನಾಳೆ ಆ ಮನೆಯಲ್ಲಿ ಬಾಳಬೇಕಾದವಳು ಅವಳು. ಅದಕ್ಕೇ ಈ ಪ್ರಶ್ನೆಗಳನ್ನು ಪ್ರತಿ ಜೋಡಿಗೂ, ಬಡವ ಬಲ್ಲಿದ ಎನ್ನದೆ ಕೇಳಬೇಕು. ಎಲ್ಲರಿಗೂ ಕೇಳುತ್ತಾರೆ ಎಂದಾದರೆ ಯಾರ ಮೇಲೂ ಅನುಮಾನ ಬರುವುದಿಲ್ಲ.

ಮಕ್ಕಳ ರಕ್ಷಣೆಯೂ ಹೀಗೆ ರಾಜಿಯಿಲ್ಲದ ವಿಷಯ. ಧರ್ಮೋಪದೇಶ, ಶಿಬಿರ, ಗಾಯನ ಅಭ್ಯಾಸ ಎಲ್ಲೇ ಆದರೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ತಿಳಿಸದಿರುವುದೂ ಶಿಕ್ಷಾರ್ಹ. ‘ಸಭೆಯ ಹೆಸರು ಕೆಡುತ್ತದೆ, ಒಳಗೇ ಮುಗಿಸೋಣ’ ಎನ್ನುವವರ ಮಾತು ಕೇಳಬೇಡಿ. ಮಕ್ಕಳ ಸಹಾಯವಾಣಿ 1098 ಚರ್ಚಿನ ಬೋರ್ಡಿನ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಕಾಣಬೇಕು.

ಧ್ವನಿವರ್ಧಕದ ವಿಷಯ ಎರಡೇ ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಿನ ಸ್ಪೀಕರ್ ನಿಷಿದ್ಧ. ಹಬ್ಬದ ದಿನ ಸರ್ಕಾರ ವಿನಾಯಿತಿ ಕೊಟ್ಟರೂ ಅದು ಮಧ್ಯರಾತ್ರಿ 12ರವರೆಗೆ ಮಾತ್ರ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆ 12 ದಾಟುವಂತಿದ್ದರೆ ಹೊರಗಿನದ್ದನ್ನು ಆರಿಸಿ, ಒಳಗಿನದ್ದು ಇರಲಿ.

ಎಲ್ಲವನ್ನೂ ಒಂದೇ ವರ್ಷದಲ್ಲಿ ಹಿಡಿಯಲು ಹೋಗಬೇಡಿ. ಮುಂದಿನ ಮೀಟಿಂಗಿನ ಅಜೆಂಡಾದಲ್ಲಿ ಎರಡೇ ವಿಷಯ ಇರಲಿ: ಮದುವೆ ವಿಚಾರಣೆಯ ಪ್ರಶ್ನೆಗಳಿಗೆ ವರದಕ್ಷಿಣೆಯದ್ದನ್ನು ಸೇರಿಸುವುದು, ಬುಧವಾರದ ಹಾಳೆಗೆ ಅಚ್ಚು ಮತ್ತು ಹಂಚಿಕೆಯ ಜವಾಬ್ದಾರಿ ಯಾರದ್ದು ಎಂದು ಹೆಸರು ಬರೆಯುವುದು. ಮೊದಲನೆಯದಕ್ಕೆ ಹಿರಿಯ ಕುಟುಂಬಗಳಿಂದ ವಿರೋಧ ಬಂದೇ ಬರುತ್ತದೆ. ಅದಕ್ಕೆ ಮೊದಲೇ ಮಹಿಳಾ ಸಂಘದವರ ಜೊತೆ ಕೂತು ಮಾತಾಡಿ. ಮೀಟಿಂಗಿನಲ್ಲಿ ಅವರೇ ಈ ವಿಷಯ ಎತ್ತಲಿ.