ಎಲ್ಲ ಥರದ ಮಕ್ಕಳೂ ಒಂದೇ ಕ್ಲಾಸಿನಲ್ಲಿ: ಚೆನ್ನಾಗಿ ಓದುವ ಮಗುವಿಗೆ ನಷ್ಟವೇ?

ಪ್ರಶ್ನೆ: ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಓದೋಕೆ ಚೆನ್ನಾಗಿ ಬರುತ್ತೆ. ಪಕ್ಕದಲ್ಲಿ ಕೂರುವ ಹುಡುಗನಿಗೆ ಇನ್ನೂ ಅಕ್ಷರವೇ ಬರಲ್ಲ. ಇನ್ನೊಬ್ಬಳಿಗೆ ಕನ್ನಡವೇ ಅಷ್ಟಾಗಿ ಅರ್ಥವಾಗಲ್ಲ. ಇವರಿಗೆಲ್ಲ ಒಬ್ಬರೇ ಟೀಚರ್ ಹೇಗೆ ಪಾಠ ಮಾಡ್ತಾರೆ? ನನ್ನ ಮಗಳು ಹಿಂದೆ ಬೀಳಲ್ವಾ?

ಉತ್ತರ: ಒಳ್ಳೆಯ ಟೀಚರ್ ಇವರಿಗೆಲ್ಲ ಒಟ್ಟಿಗೆ ಪಾಠ ಮಾಡೋಕೆ ಹೋಗುವುದೇ ಇಲ್ಲ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವಂತೆ ಮಾಡುತ್ತಾರೆ. ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ಕ್ಲಾಸಿನವರೆಗಿನ ನಮ್ಮ ನಲಿ ಕಲಿ ಪದ್ಧತಿ ನಿಂತಿರುವುದೇ ಇದರ ಮೇಲೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು ಇದು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ನಡೆಯುತ್ತಿದ್ದ ಕಲಿಕೆಯೇ ಇದಕ್ಕೆ ಪ್ರೇರಣೆ. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ನಿಮ್ಮ ಮಗಳ ಕ್ಲಾಸಿಗೆ ಒಮ್ಮೆ ಹೋಗಿ ನೋಡಿ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಅಂದರೆ ಕಲಿಯಬೇಕಾದ್ದನ್ನೆಲ್ಲ ಚಿತ್ರದ ಗುರುತು ಹಾಕಿ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಅದರಲ್ಲಿ ನೋಡಿಕೊಂಡು, ಅದೇ ಚಿತ್ರದ ಗುರುತಿರುವ ಕಾರ್ಡನ್ನು ಹುಡುಕಿ ತೆಗೆದು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪನ್ನು ಅಲ್ಲಿ ‘ತಟ್ಟೆ’ ಅನ್ನುತ್ತಾರೆ. ಒಟ್ಟು ಐದು. ಟೀಚರ್ ಪೂರ್ತಿ ಜೊತೆಗಿರಬೇಕಾದ ತಟ್ಟೆ ಒಂದು, ಆಗಾಗ ಬಂದು ನೋಡಿದರೆ ಸಾಕು ಅನ್ನುವಂಥದ್ದು ಇನ್ನೊಂದು. ಗೆಳೆಯರ ನೆರವಿನಿಂದ ಕಲಿಯುವ ತಟ್ಟೆಗಳು ಎರಡು. ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ.

ಇದರಲ್ಲಿ ಜಾಣರ ಸಾಲು, ದಡ್ಡರ ಸಾಲು ಅಂತ ಇರುವುದಿಲ್ಲ. ತಟ್ಟೆ ಯಾವುದು ಅಂತ ಹೇಳುವುದು ಕಾರ್ಡು. ಹೊಸ ವಿಷಯ ಬಂದಾಗ ನಿಮ್ಮ ಮಗಳೂ ಟೀಚರ್ ಪಕ್ಕವೇ ಕೂರುತ್ತಾಳೆ. ಅಭ್ಯಾಸದ ಕಾರ್ಡು ಬಂದರೆ ಪಕ್ಕದ ಹುಡುಗನೂ ಒಬ್ಬನೇ ಕೂತು ಬರೆಯುತ್ತಾನೆ. ಐದು ಗುಂಪಿನಲ್ಲಿ ಮೂರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ಟೀಚರಿಗೆ ಉಳಿದವರ ಹತ್ತಿರ ಕೂರಲು ಸಮಯ ಸಿಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಬರೀ ಗಲಾಟೆ ಅನ್ನಿಸಬಹುದು.

ಅಕ್ಷರದ ಕ್ರಮವೂ ಬೇರೆ. ಅ, ಆ, ಇ, ಈ ಬದಲು ರ, ಗ, ಸ, ದ, ಅ ಮೊದಲು ಬರುತ್ತವೆ. ಇದನ್ನು ಕಂಡು ಗಾಬರಿಯಾಗುವ ಅಜ್ಜಂದಿರು ಬಹಳ! ಆದರೆ ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಹಿಂದುಳಿದ ಮಗುವಿಗೂ ಮೊದಲ ಕೆಲವು ವಾರಗಳಲ್ಲೇ ‘ನನಗೆ ಓದೋಕೆ ಬಂತು’ ಅನ್ನುವ ಧೈರ್ಯ ಬರುತ್ತದೆ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗು ವಾಪಸ್ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ.

ಮನೆಮಾತಿನ ವಿಷಯಕ್ಕೆ ಕಾರ್ಡು ಸಾಲದು. ಲಂಬಾಣಿ, ತುಳು, ಉರ್ದು, ತೆಲುಗು ಆಡುವ ಮಕ್ಕಳು ನಮ್ಮ ಶಾಲೆಗಳಲ್ಲಿ ಎಷ್ಟೊಂದು ಜನ. ಅನುಭವಿ ಟೀಚರುಗಳು ಮೊದಲು ಸಂತೆಯದೋ ಹೊಲದ್ದೋ ಚಿತ್ರ ತೋರಿಸಿ, ‘ನಿನ್ನ ಮಾತಲ್ಲೇ ಹೇಳು’ ಅನ್ನುತ್ತಾರೆ. ಅದೇ ಮಾತಾಡುವ ದೊಡ್ಡ ಹುಡುಗಿ ಅದನ್ನು ಕನ್ನಡದಲ್ಲಿ ಹೇಳುತ್ತಾಳೆ. ಮಾತು ಕೂಡಿದ ಮೇಲೆ ಅಕ್ಷರ. ‘ಕ್ಲಾಸಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬೇಡಿ’ ಅಂತ ಬೈದರೆ ಆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೆ. ಕಿವಿ, ಕಣ್ಣು, ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗಾಗಿ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಮಟ್ಟದಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಅವರು ದಿನಾ ಬರಲಾರರು, ದಿನದ ಕೆಲಸ ಕ್ಲಾಸ್ ಟೀಚರದ್ದೇ.

ಇನ್ನು ನಿಮ್ಮ ಮಗಳ ನಷ್ಟದ ಮಾತು. ಗೆಳೆಯನಿಗೆ ಹೇಳಿಕೊಡುವಾಗ ತನಗೆ ಎಲ್ಲಿ ಅರ್ಥವಾಗಿಲ್ಲ ಅನ್ನುವುದು ಅವಳಿಗೇ ಗೊತ್ತಾಗುತ್ತದೆ. ಅದು ಲಾಭವೇ. ಆದರೆ ಇಡೀ ದಿನ ಅವಳೇ ಸಣ್ಣ ಟೀಚರ್ ಆಗಿ ತಿರುಗುತ್ತಿದ್ದರೆ ನೀವು ಕೇಳಬೇಕು. ಅವಳಿಗೂ ಮುಂದಿನ ಕಾರ್ಡು ಸಿಗಬೇಕಲ್ವಾ?

ನನಗೆ ಜಾಸ್ತಿ ಚಿಂತೆ ಇರುವುದು ನಾಲ್ಕನೇ ಕ್ಲಾಸಿನ ಬಗ್ಗೆ. ನಲಿ ಕಲಿ ಮೂರಕ್ಕೆ ಮುಗಿಯುತ್ತದೆ. ಆಮೇಲೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ, ಒಂದೇ ವೇಗ. ಮೂರರಲ್ಲಿ ಇನ್ನೂ ಒತ್ತಕ್ಷರದ ಹತ್ತಿರ ತಡವರಿಸುತ್ತಿದ್ದ ಮಗು ಅಲ್ಲಿ ಸುಮ್ನೆ ಕೂರಲು ಕಲಿಯುತ್ತದೆ. ಜೊತೆಗೆ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿಗೆ ಒಟ್ಟು 60 ಮಕ್ಕಳವರೆಗೆ ಇಬ್ಬರೇ ಟೀಚರ್. ಅವರಲ್ಲಿ ಒಬ್ಬರು ಗಣತಿಗೋ ಚುನಾವಣೆಗೋ ಹೋದರೆ ಐದು ತಟ್ಟೆ ನೋಡುವವರು ಯಾರು?

ಮುಂದಿನ ಪೋಷಕರ ಸಭೆಯಲ್ಲಿ ‘ಎಷ್ಟು ಮಾರ್ಕ್ಸ್’ ಅಂತ ಕೇಳುವ ಬದಲು, ‘ಹೋದ ತಿಂಗಳು ಯಾವ ಮೆಟ್ಟಿಲಲ್ಲಿದ್ದಳು, ಈಗ ಎಲ್ಲಿದ್ದಾಳೆ’ ಅಂತ ಕೇಳಿ. ಯಾವ ಮಗು ಎಲ್ಲಿದೆ ಅಂತ ಗುರುತು ಹಾಕುವ ಕ್ಲಾಸಿನ ‘ಪ್ರಗತಿ ನೋಟ’ ಪಟ್ಟಿಯಲ್ಲಿ ಅದು ಇರುತ್ತದೆ. ಒಂದೇ ಮೆಟ್ಟಿಲಲ್ಲಿ ಬಹಳ ದಿನದಿಂದ ನಿಂತಿದ್ದರೆ ಯಾಕೆ ಅಂತ ಟೀಚರ್ ಜೊತೆ ಕೂತು ಮಾತಾಡಿ.