ಬಿಸಿ ಚಹಾ ಎಲ್ಲಿಂದ ಬಂತು? ಬಗೆಹರಿಯದ ರಹಸ್ಯಗಳ ಟಿಪ್ಪಣಿ

ನಡುಗಡಲಲ್ಲಿ ಒಂದು ಹಡಗು ತೇಲುತ್ತಿದೆ. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಮೇಜಿನ ಮೇಲೆ ಚಹಾ ಇನ್ನೂ ಬಿಸಿಯಾಗಿದೆ, ತಿಂಡಿ ಅರ್ಧ ತಿಂದು ಹಾಗೇ ಬಿಟ್ಟಿದ್ದಾರೆ. ಮೇರಿ ಸೆಲೆಸ್ಟ್ ಹಡಗಿನ ಕಥೆಯನ್ನು ಹೆಚ್ಚಿನವರು ಕೇಳಿರುವುದು ಹೀಗೆಯೇ. ನಾನೂ ನೋಟ್‌ಬುಕ್ಕಿನಲ್ಲಿ ಹೀಗೆಯೇ ಬರೆದುಕೊಂಡಿದ್ದೆ. ಆಮೇಲೆ ಆ ಹಡಗಿನ ಬಗ್ಗೆ ನಡೆದ ವಿಚಾರಣೆಯ ವಿವರ ಓದಿದೆ. ಅಲ್ಲಿ ಬಿಸಿ ಚಹಾ ಇರಲೇ ಇಲ್ಲ.

ಅವತ್ತಿನಿಂದ ಯಾವ ರಹಸ್ಯ ಓದಿದರೂ ಪುಟದಲ್ಲಿ ಎರಡು ಗೆರೆ ಎಳೆದು ಮೂರು ಅಂಕಣ ಮಾಡುತ್ತೇನೆ. ಮೊದಲನೆಯದು ಮಾತು: ಕಂಡವರು, ಆ ಕಾಲದಲ್ಲೇ ಇದ್ದವರು ಏನು ಹೇಳಿದರು? ಎರಡನೆಯದು ವಸ್ತು: ಕೈಗೆ ಏನು ಸಿಕ್ಕಿದೆ? ಮೂರನೆಯದು ಆಮೇಲೆ ಸೇರಿದ್ದು. ಪರೀಕ್ಷೆಗೆ ಓದುವವರಿಗೂ, ಸುಮ್ನೆ ಕುತೂಹಲಕ್ಕೆ ಓದುವವರಿಗೂ ಇದು ಕೆಲಸಕ್ಕೆ ಬರುತ್ತದೆ. ಕೆಳಗಿರುವುದೆಲ್ಲ ಆ ಪುಟಗಳಿಂದಲೇ ಎತ್ತಿಕೊಂಡದ್ದು.

ಮೇರಿ ಸೆಲೆಸ್ಟ್, 1872

ಮೊದಲು ಗಟ್ಟಿಯಾಗಿ ಗೊತ್ತಿರುವುದನ್ನು ನೋಡೋಣ. 1872ರ ನವೆಂಬರ್ 7ರಂದು ಈ ಹಾಯಿಹಡಗು ನ್ಯೂಯಾರ್ಕ್‌ನಿಂದ ಇಟಲಿಯ ಜಿನೋವಾಕ್ಕೆ ಹೊರಟಿತು. ಒಳಗೆ 1,701 ಪೀಪಾಯಿ ಆಲ್ಕೋಹಾಲ್ ಇತ್ತು. ಕುಡಿಯುವಂಥದ್ದಲ್ಲ, ಕೈಗಾರಿಕೆಗೆ ಬಳಸುವಂಥದ್ದು. ಹಡಗಿನಲ್ಲಿ ಇದ್ದದ್ದು ಹತ್ತು ಜನ. ಕ್ಯಾಪ್ಟನ್ ಬೆಂಜಮಿನ್ ಬ್ರಿಗ್ಸ್, ಹೆಂಡತಿ ಸಾರಾ, ಎರಡು ವರ್ಷದ ಮಗಳು ಸೋಫಿಯಾ, ಮತ್ತೆ ಏಳು ನಾವಿಕರು. ಶಾಲೆಗೆ ಹೋಗುತ್ತಿದ್ದ ಮಗನನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು.

ಡಿಸೆಂಬರ್ ಮೊದಲ ವಾರದಲ್ಲಿ, ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್‌ಗೂ ನಡುವೆ, ಡೈ ಗ್ರೇಷಿಯಾ ಎಂಬ ಇನ್ನೊಂದು ಹಡಗಿನವರಿಗೆ ಇದು ಕಾಣಿಸಿತು. ಕೆಲವು ಹಾಯಿಗಳು ಹರಿದಿದ್ದವು. ಒಳಗೆ ಮೂರೂವರೆ ಅಡಿ ನೀರು ನಿಂತಿತ್ತು, ಆದರೆ ಹಡಗು ಮುಳುಗುವಷ್ಟಲ್ಲ. ಆರು ತಿಂಗಳಿಗೆ ಸಾಲುವಷ್ಟು ಆಹಾರ ಇತ್ತು. ನಾವಿಕರ ಸಾಮಾನುಗಳು ಹಾಗೇ ಇದ್ದವು. ಹಡಗಿನ ಸಣ್ಣ ದೋಣಿ ಇರಲಿಲ್ಲ. ದಿಕ್ಕು, ದೂರ ಲೆಕ್ಕ ಹಾಕುವ ಉಪಕರಣಗಳೂ ಇರಲಿಲ್ಲ. ಮೇಜಿನ ಮೇಲೆ ಊಟ, ತಿಂಡಿ, ಚಹಾ ಯಾವುದೂ ಇರಲಿಲ್ಲ ಎನ್ನುವುದು ಮೊದಲು ಹಡಗು ಹತ್ತಿ ನೋಡಿದವರ ಹೇಳಿಕೆಯಲ್ಲೇ ಇದೆ. ಕೊನೆಯ ದಾಖಲೆ ನವೆಂಬರ್ 25ರ ಬೆಳಿಗ್ಗೆ 8 ಗಂಟೆಯದು. ಆಗ ಹಡಗು ಸಾಂತಾ ಮರಿಯಾ ದ್ವೀಪದ ಹತ್ತಿರ, ಸುಮಾರು ಆರು ನಾಟಿಕಲ್ ಮೈಲಿ ದೂರದಲ್ಲಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ದೋಣಿ ಇಲ್ಲ, ಉಪಕರಣಗಳಿಲ್ಲ. ಅಂದರೆ ಹತ್ತು ಜನ ಗಾಳಿಯಲ್ಲಿ ಮಾಯವಾಗಲಿಲ್ಲ, ದೋಣಿ ಹತ್ತಿ ಹೋದರು. ಹಾಗಾದರೆ ನಿಜವಾದ ಪ್ರಶ್ನೆ 'ಎಲ್ಲಿ ಮಾಯವಾದರು' ಅನ್ನುವುದಲ್ಲ. ಅನುಭವಸ್ಥ ಕ್ಯಾಪ್ಟನ್ ಒಬ್ಬ ಗಟ್ಟಿಯಾಗಿದ್ದ ಹಡಗನ್ನು ಬಿಟ್ಟು, ಹೆಂಡತಿ ಮಗುವಿನ ಜೊತೆ ಸಣ್ಣ ದೋಣಿಗೆ ಏಕೆ ಇಳಿದ? ಬಿಸಿ ಚಹಾದ ಕಥೆ ಈ ಪ್ರಶ್ನೆಯನ್ನೇ ನುಂಗಿಬಿಡುತ್ತದೆ.

ಇದಕ್ಕೆ ಎರಡು ಉತ್ತರಗಳು ನನಗೆ ಹಿಡಿಸಿವೆ. ಒಂದು, ಆಲ್ಕೋಹಾಲ್ ಆವಿ. ಜಿನೋವಾದಲ್ಲಿ ಸರಕು ಇಳಿಸಿದಾಗ ಒಂಬತ್ತು ಪೀಪಾಯಿ ಖಾಲಿ ಇದ್ದವು. ಸೋರಿದ ಆವಿಗೆ ಬೆಂಕಿ ತಗುಲಿ ಢಮ್ ಎಂದಿದ್ದರೆ? ಆದರೆ ಸುಟ್ಟ ಗುರುತು ಎಲ್ಲೂ ಇರಲಿಲ್ಲವಲ್ಲ ಎಂದು ಕೇಳಬಹುದು. 2006ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ರಸಾಯನ ವಿಜ್ಞಾನಿ ಆಂಡ್ರಿಯಾ ಸೆಲ್ಲಾ ಇದನ್ನೇ ಪರೀಕ್ಷಿಸಿದರು. ಹಡಗಿನ ಒಡಲಿನಂಥ ಮಾದರಿ ಮಾಡಿ, ಪೀಪಾಯಿಗಳ ಜಾಗದಲ್ಲಿ ಕಾಗದದ ಪೆಟ್ಟಿಗೆ ಇಟ್ಟು, ಬ್ಯೂಟೇನ್ ಅನಿಲಕ್ಕೆ ಕಿಡಿ ಕೊಟ್ಟರು. ದೊಡ್ಡ ಜ್ವಾಲೆ ಎದ್ದಿತು. ಕಾಗದ ಮಾತ್ರ ಸುಡಲಿಲ್ಲ, ಕಪ್ಪೂ ಆಗಲಿಲ್ಲ.

ಇನ್ನೊಂದು ಉತ್ತರ ಪಂಪಿನದು. ನೀರು ಹೊರಹಾಕುವ ಪಂಪುಗಳಲ್ಲಿ ಒಂದನ್ನು ಬಿಚ್ಚಿಟ್ಟಿದ್ದರು. ನೀರಿನ ಆಳ ಅಳೆಯುವ ಕೋಲು ಮೇಲೆಯೇ ಬಿದ್ದಿತ್ತು. ಒಳಗೆ ನೀರೆಷ್ಟಿದೆ ಎಂದು ಸರಿಯಾಗಿ ತಿಳಿಯದೆ, ಹಡಗು ಮುಳುಗುತ್ತಿದೆ ಎಂದು ಕ್ಯಾಪ್ಟನ್ ಹೆದರಿರಬಹುದು. ಕಣ್ಣಳತೆಯಲ್ಲೇ ದ್ವೀಪ ಕಾಣುತ್ತಿದ್ದರೆ ದೋಣಿ ಇಳಿಸುವ ಮನಸ್ಸಾಗುತ್ತದೆ ಅಲ್ವಾ? ನನ್ನ ಒಲವು ಇದರ ಕಡೆಗೆ ಸ್ವಲ್ಪ ಜಾಸ್ತಿ. ಬಿಚ್ಚಿಟ್ಟ ಪಂಪೂ ಕೋಲೂ ಎರಡನೇ ಅಂಕಣದಲ್ಲಿವೆ, ಊಹೆಗಳಲ್ಲ.

ಮೂರನೇ ಅಂಕಣಕ್ಕೆ ಸೇರಿದ್ದು ಯಾವುದು? ಜಿಬ್ರಾಲ್ಟರ್‌ನ ವಿಚಾರಣೆಯಲ್ಲಿ ಸರ್ಕಾರಿ ವಕೀಲ ಫ್ರೆಡರಿಕ್ ಸೋಲಿ ಫ್ಲಡ್ ಕೊಲೆಯ ಅನುಮಾನ ಎತ್ತಿದ. ಕತ್ತಿಯ ಮೇಲಿನ ಕಲೆಯನ್ನು ಪರೀಕ್ಷೆ ಮಾಡಿಸಿದರೆ ಅದು ರಕ್ತವಾಗಿರಲಿಲ್ಲ. ಆದರೂ ಅನುಮಾನ ಉಳಿದುಕೊಂಡಿತು. 1884ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಈ ಘಟನೆಯನ್ನು ಹಿಡಿದು ಒಂದು ಕಲ್ಪಿತ ಕಥೆ ಬರೆದರು. ಅದರಲ್ಲಿ ಹಡಗಿನ ಹೆಸರು ಮರೀ ಸೆಲೆಸ್ಟ್ ಆಯಿತು, ದೋಣಿಗಳೆಲ್ಲ ಹಡಗಿನಲ್ಲೇ ಉಳಿದವು. ಇವತ್ತಿಗೂ ಎಷ್ಟೋ ಕಡೆ ಹಡಗಿನ ಹೆಸರು ತಪ್ಪಾಗಿಯೇ ಬರುತ್ತದೆ. ನೀವು ಓದುವ ಬರಹದಲ್ಲಿ 'ಮರೀ' ಎಂದಿದ್ದರೆ ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ.

ಫ್ರಾಂಕ್ಲಿನ್ ಯಾತ್ರೆ, 1845

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಪುಟ ಇದು. ಇಲ್ಲಿ ತಪ್ಪಾದದ್ದು ಮೂರನೇ ಅಂಕಣದಲ್ಲಲ್ಲ, ಮೊದಲನೆಯದರಲ್ಲಿ. ನಿಜ ಹೇಳಿದವರ ಮಾತನ್ನು ಯಾರೂ ನಂಬಲಿಲ್ಲ.

1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ನೇತೃತ್ವದಲ್ಲಿ ಎರೆಬಸ್ ಮತ್ತು ಟೆರರ್ ಎಂಬ ಎರಡು ಬ್ರಿಟಿಷ್ ನೌಕೆಗಳು ಹೊರಟವು. ಕೆನಡಾದ ಉತ್ತರದ ಹಿಮದ ನಡುವೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ದಾರಿ ಹುಡುಕುವುದು ಅವರ ಕೆಲಸ. ಒಟ್ಟು 129 ಜನ. ಒಬ್ಬರೂ ವಾಪಸ್ ಬರಲಿಲ್ಲ.

1854ರಲ್ಲಿ ಜಾನ್ ರೇ ಎಂಬ ಅನ್ವೇಷಕ ಅಲ್ಲಿನ ಇನ್ಯೂಟ್ ಜನರಿಂದ ಒಂದು ಸುದ್ದಿ ತಂದರು. ಬಿಳಿಯರ ಒಂದು ಗುಂಪು ದೋಣಿ ಎಳೆದುಕೊಂಡು ದಕ್ಷಿಣಕ್ಕೆ ನಡೆದಿತ್ತು. ಆಮೇಲೆ ಎಲ್ಲರೂ ಹಸಿವಿನಿಂದ ಸತ್ತರು. ಕೊನೆಕೊನೆಗೆ ಸತ್ತವರ ಮಾಂಸವನ್ನೇ ತಿಂದರು. ಫ್ರಾಂಕ್ಲಿನ್ ತಂಡದ್ದೇ ಆದ ಬೆಳ್ಳಿಯ ಚಮಚಗಳನ್ನೂ ರೇ ಇನ್ಯೂಟರಿಂದ ಕೊಂಡು ತಂದಿದ್ದರು. ಲಂಡನ್ ಕೆರಳಿತು. ಚಾರ್ಲ್ಸ್ ಡಿಕನ್ಸ್ ತಮ್ಮ ಪತ್ರಿಕೆಯಲ್ಲಿ ಇನ್ಯೂಟರನ್ನೇ ಅನುಮಾನಿಸಿ ಬರೆದರು. ಬ್ರಿಟಿಷ್ ನಾವಿಕರು ಹಾಗೆ ಮಾಡುವುದು ಸಾಧ್ಯವೇ ಇಲ್ಲ ಎನ್ನುವುದು ಅವರ ವಾದ.

1859ರಲ್ಲಿ ಕಿಂಗ್ ವಿಲಿಯಂ ದ್ವೀಪದ ಒಂದು ಕಲ್ಲುಗುಡ್ಡೆಯಲ್ಲಿ ಒಂದು ಕಾಗದ ಸಿಕ್ಕಿತು. ಅದರಲ್ಲಿ ಎರಡು ಬರಹ ಇವೆ. ಮೊದಲನೆಯದು 1847ರ ಮೇ 28ರದು, 'ಎಲ್ಲ ಕ್ಷೇಮ' ಎನ್ನುತ್ತದೆ. ಎರಡನೆಯದನ್ನು 1848ರ ಏಪ್ರಿಲ್ 25ರಂದು ಅದೇ ಹಾಳೆಯ ಅಂಚಿನ ಸುತ್ತ ಬರೆದಿದ್ದಾರೆ. ಫ್ರಾಂಕ್ಲಿನ್ 1847ರ ಜೂನ್ 11ರಂದು ಸತ್ತರು. ಒಟ್ಟು 24 ಜನ ಸತ್ತಿದ್ದಾರೆ. ಉಳಿದ 105 ಜನ ಹಡಗು ಬಿಟ್ಟು ನಡೆದು ಹೊರಟಿದ್ದಾರೆ. ಕ್ಷೇಮ ಎಂದು ಬರೆದ ಎರಡೇ ವಾರಕ್ಕೆ ನಾಯಕನ ಸಾವು. ಇದನ್ನು ಓದಿದಾಗ ಮನಸ್ಸು ಭಾರವಾಗಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

1990ರ ದಶಕದಲ್ಲಿ ವಿಜ್ಞಾನಿಗಳು ಅಲ್ಲಿ ಸಿಕ್ಕ ಮೂಳೆಗಳನ್ನು ಪರೀಕ್ಷಿಸಿದಾಗ ಚಾಕುವಿನಿಂದ ಕೊಯ್ದ ಗುರುತುಗಳು ಕಂಡವು. ಇನ್ಯೂಟರು ಹೇಳಿದ್ದೇ ನಿಜವಾಗಿತ್ತು. ಹಡಗುಗಳ ವಿಷಯದಲ್ಲೂ ಹಾಗೇ ಆಯಿತು. ಇಂಥ ಕಡೆ ಒಂದು ಹಡಗು ಮುಳುಗಿತು ಎಂಬ ಮಾತು ಅವರಲ್ಲಿ ತಲೆಮಾರುಗಳಿಂದ ಬಂದಿತ್ತು. 2014ರಲ್ಲಿ ಎರೆಬಸ್ ಸಿಕ್ಕಿದ್ದು ಆ ಸೀಮೆಯಲ್ಲೇ. 2016ರಲ್ಲಿ ಹುಡುಕುವ ತಂಡದಲ್ಲಿದ್ದ ಒಬ್ಬ ಇನ್ಯೂಟ್ ವ್ಯಕ್ತಿ, ಹಿಂದೆ ಒಮ್ಮೆ ಹಿಮದಿಂದ ಒಂದು ಮರದ ಕಂಬ ಮೇಲೆದ್ದಿದ್ದನ್ನು ನೋಡಿದ್ದೆ ಎಂದರು. ಅಲ್ಲಿಗೆ ಹೋಗಿ ಹುಡುಕಿದರೆ ಟೆರರ್ ಸಿಕ್ಕಿತು.

ಇನ್ನೊಂದು ವಿವರ ಸೇರಿಸಲೇಬೇಕು. 2024ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಎರೆಬಸ್‌ನ ಕ್ಯಾಪ್ಟನ್ ಜೇಮ್ಸ್ ಫಿಟ್ಜ್‌ಜೇಮ್ಸ್ ಅವರ ದವಡೆಯ ಮೂಳೆಯನ್ನು ಗುರುತಿಸಿದರು. ಅದರ ಮೇಲೂ ಕೊಯ್ದ ಗುರುತು ಇತ್ತು. ಆ ಕಾಗದದ ಅಂಚಿನಲ್ಲಿ ಎರಡನೇ ಬರಹ ಬರೆದ ಕೈ ಇವರದೇ.

ಫ್ರಾಂಕ್ಲಿನ್ ಅವರ ಸಮಾಧಿ ಇನ್ನೂ ಸಿಕ್ಕಿಲ್ಲ. ಮೊದಲ ಮೂರು ವರ್ಷದಲ್ಲೇ ಅಷ್ಟೊಂದು ಜನ ಏಕೆ ಸತ್ತರು ಎನ್ನುವುದೂ ಇತ್ಯರ್ಥವಾಗಿಲ್ಲ. ಡಬ್ಬಿ ಆಹಾರದ ಸೀಸ ಕಾರಣ ಎಂದು ಬಹಳ ಕಾಲ ಹೇಳುತ್ತಿದ್ದರು. ಈಚಿನ ಅಧ್ಯಯನಗಳು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ.

ಸ್ಟ್ರಾಸ್‌ಬರ್ಗ್‌ನ ಕುಣಿತ, 1518

ಈ ಕಥೆ ಕಟ್ಟುಕಥೆ ಎಂದುಕೊಂಡಿದ್ದೆ, ಅಲ್ಲ. 1518ರ ಜುಲೈನಲ್ಲಿ, ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರದ ಬೀದಿಯಲ್ಲಿ ಒಬ್ಬ ಹೆಂಗಸು ಕುಣಿಯಲು ಶುರು ಮಾಡಿದಳು. ನಿಲ್ಲಿಸಲು ಆಗಲೇ ಇಲ್ಲ. ಒಂದು ತಿಂಗಳಲ್ಲಿ ಕುಣಿಯುವವರು ಸುಮಾರು 400 ಜನ ಆದರು ಎಂದು ಹಳೆಯ ವೃತ್ತಾಂತ ಹೇಳುತ್ತದೆ. ನಗರಸಭೆಯ ದಾಖಲೆಗಳೂ ಇವೆ. ರಕ್ತ ಬಿಸಿಯಾಗಿದೆ, ಕುಣಿದೇ ಇಳಿಯಲಿ ಎಂದು ವೈದ್ಯರು ಹೇಳಿದ್ದಕ್ಕೆ ನಗರದವರು ವೇದಿಕೆ ಕಟ್ಟಿಸಿ ವಾದ್ಯದವರನ್ನೂ ಕರೆಸಿದರು. ಕಾಯಿಲೆ ಇನ್ನೂ ಹರಡಿತು. ಕೊನೆಗೆ ವಾದ್ಯ, ಕುಣಿತ ಎರಡನ್ನೂ ನಿಲ್ಲಿಸಿ, ರೋಗಿಗಳನ್ನು ಸಂತ ವೈಟಸ್ ಗುಡಿಗೆ ಕಳಿಸಿದರು.

ದಿನಕ್ಕೆ 15 ಜನ ಸತ್ತರು ಎಂದು ಓದಿದರೆ ಅದನ್ನು ಮೂರನೇ ಅಂಕಣಕ್ಕೆ ಹಾಕಿ. ಆಗಿನ ನಗರದ ದಾಖಲೆಗಳಲ್ಲಿ ಸಾವಿನ ಲೆಕ್ಕ ಇಲ್ಲ. ಕಾರಣ ಏನು? ರೈ ಧಾನ್ಯಕ್ಕೆ ಹಿಡಿಯುವ ಎರ್ಗಟ್ ಶಿಲೀಂಧ್ರದ ವಿಷ ಎನ್ನುವವರಿದ್ದಾರೆ. ಆದರೆ ಆ ವಿಷ ಕೈಕಾಲುಗಳಿಗೆ ರಕ್ತ ಹೋಗುವುದನ್ನೇ ತಡೆಯುತ್ತದೆ, ಸೆಳೆತ ತರುತ್ತದೆ. ದಿನಗಟ್ಟಲೆ ಕುಣಿಯುವ ಶಕ್ತಿ ಉಳಿಯುವುದಿಲ್ಲ. ಆ ವರ್ಷಗಳಲ್ಲಿ ಅಲ್ಲಿ ಬರ ಇತ್ತು, ಹಸಿವು, ರೋಗ ಇತ್ತು. ಸಂತ ವೈಟಸ್ ಮುನಿದರೆ ಕುಣಿತದ ಶಾಪ ಕೊಡುತ್ತಾನೆ ಎಂಬ ನಂಬಿಕೆಯೂ ಇತ್ತು. ನೊಂದ ಮನಸ್ಸುಗಳಿಗೆ ಒಬ್ಬರಿಂದೊಬ್ಬರಿಗೆ ಇದು ಅಂಟಿತು ಎನ್ನುವ ವಿವರಣೆ ನನಗೆ ಹೆಚ್ಚು ಸರಿ ಅನಿಸುತ್ತದೆ.

ಓದಲಾಗದ ಬರಹಗಳು

ವಾಯ್ನಿಚ್ ಹಸ್ತಪ್ರತಿಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಗುರುತು ಸಿಗದ ಲಿಪಿ, ಗುರುತು ಸಿಗದ ಗಿಡಗಳ ಚಿತ್ರ, ಸುಮಾರು 240 ಪುಟ. ಪುಸ್ತಕ ವ್ಯಾಪಾರಿ ವಿಲ್‌ಫ್ರಿಡ್ ವಾಯ್ನಿಚ್ 1912ರಲ್ಲಿ ಕೊಂಡದ್ದು, ಈಗ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಇದನ್ನು 13ನೇ ಶತಮಾನದ ಇಂಗ್ಲಿಷ್ ವಿದ್ವಾಂಸ ರೋಜರ್ ಬೇಕನ್ ಬರೆದ ಎಂದು ವಾಯ್ನಿಚ್ ನಂಬಿದ್ದ. 2009ರ ಕಾರ್ಬನ್ ಪರೀಕ್ಷೆಯಲ್ಲಿ ಚರ್ಮದ ಹಾಳೆಗಳ ಕಾಲ 1404ರಿಂದ 1438 ಎಂದು ಬಂತು. ಬೇಕನ್ ಹೆಸರು ಅಲ್ಲಿಗೇ ಬಿತ್ತು.

ಸಿಂಧೂ ಲಿಪಿಯ ಕಷ್ಟ ಬೇರೆ ಥರದ್ದು. ಈಜಿಪ್ಟಿನ ಲಿಪಿ ಬಿಡಿಸಲು 1799ರಲ್ಲಿ ಸಿಕ್ಕ ರೊಸೆಟ್ಟಾ ಕಲ್ಲು ಇತ್ತು. ಅದರಲ್ಲಿ ಒಂದೇ ವಿಷಯ ಗ್ರೀಕ್‌ನಲ್ಲೂ ಇದ್ದುದರಿಂದ ಶಾಂಪೋಲಿಯನ್ 1822ರಲ್ಲಿ ದಾರಿ ಕಂಡುಕೊಂಡರು. ಕ್ರೀಟ್ ದ್ವೀಪದ ಲೀನಿಯರ್ ಬಿ ಲಿಪಿಗೆ ಅಂಥ ಕಲ್ಲು ಇರಲಿಲ್ಲ. ಆದರೂ ಅಲಿಸ್ ಕೋಬರ್ ಪದಗಳ ಕೊನೆಗಳು ಹೇಗೆ ಬದಲಾಗುತ್ತವೆ ಎಂದು ವರ್ಷಗಟ್ಟಲೆ ಪಟ್ಟಿ ಮಾಡಿದರು. ಅದರ ಮೇಲೆ ನಿಂತು ಮೈಕೆಲ್ ವೆಂಟ್ರಿಸ್ ಕ್ನೋಸಸ್‌ನಂಥ ಊರಿನ ಹೆಸರುಗಳನ್ನು ಊಹಿಸಿ, 1952ರಲ್ಲಿ ಅದು ಗ್ರೀಕ್ ಎಂದು ತೋರಿಸಿದರು. ಕೋಬರ್ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಹೆಸರನ್ನು ನಿಮ್ಮ ಟಿಪ್ಪಣಿಯಲ್ಲಿ ಬಿಡಬೇಡಿ.

ಸಿಂಧೂ ಲಿಪಿಗೆ ಎರಡು ಭಾಷೆಯ ಕಲ್ಲೂ ಇಲ್ಲ, ಉದ್ದ ಬರಹವೂ ಇಲ್ಲ. ಐರಾವತಂ ಮಹಾದೇವನ್ 1977ರ ತಮ್ಮ ಪಟ್ಟಿಯಲ್ಲಿ 417 ಚಿಹ್ನೆಗಳನ್ನು ಗುರುತಿಸಿದರು. ಆದರೆ ಒಂದು ಬರಹದಲ್ಲಿ ಇರುವುದು ಸರಾಸರಿ ಐದೇ ಚಿಹ್ನೆ. ಕೋಬರ್ ಮಾಡಿದಂತೆ ಪದದ ಕೊನೆ ಹುಡುಕಲು ಸಾಲುಗಳೇ ಸಾಲವು. ಅದಕ್ಕೇ ಓದಿಬಿಟ್ಟೆ ಎನ್ನುವವರು ಬಹಳ ಜನ ಇದ್ದರೂ ಎಲ್ಲರೂ ಒಪ್ಪಿದ ಓದು ಒಂದೂ ಇಲ್ಲ. ಇದು ಲಿಪಿಯೇ ಅಲ್ಲ ಎಂದು 2004ರಲ್ಲಿ ಮೂವರು ವಿದ್ವಾಂಸರು ವಾದಿಸಿದರು, ಆ ಜಗಳವೂ ಮುಗಿದಿಲ್ಲ.

ಈ ಪುಟದ ಎರಡನೇ ಅಂಕಣದಲ್ಲಿ ಗುಜರಾತಿನ ಧೋಲಾವೀರದ ಫಲಕ ಇದೆ. ಕೋಟೆಯ ಉತ್ತರ ಬಾಗಿಲ ಹತ್ತಿರ ಸಿಕ್ಕಿದ್ದು. ಮರದ ಹಲಗೆ ಕೊಳೆತು ಹೋಗಿದೆ, ಅದರ ಮೇಲೆ ಕೂರಿಸಿದ್ದ ಬಿಳಿಯ ಜಿಪ್ಸಮ್ ತುಂಡುಗಳು ಮಣ್ಣಿನಲ್ಲಿ ಸಾಲಾಗಿ ಉಳಿದಿವೆ. ಹತ್ತು ಚಿಹ್ನೆ, ಒಂದೊಂದೂ ಸುಮಾರು 37 ಸೆಂಟಿಮೀಟರ್ ಎತ್ತರ, ದೂರದಿಂದಲೇ ಕಾಣಲಿ ಎಂದು ಮಾಡಿದಷ್ಟು ದೊಡ್ಡವು. ಆ ಹತ್ತರಲ್ಲಿ ಕಡ್ಡಿಗಳಿರುವ ಚಕ್ರದಂಥ ಚಿಹ್ನೆ ನಾಲ್ಕು ಸಲ ಬರುತ್ತದೆ. ನನ್ನ ಪುಟದಲ್ಲಿ ಆ ಹತ್ತನ್ನೂ ಒಂದೊಂದಾಗಿ ಬರೆದುಕೊಂಡು, ನಾಲ್ಕು ಚಕ್ರಗಳ ಸುತ್ತ ಕೆಂಪು ಗೆರೆ ಹಾಕಿದ್ದೇನೆ.